ಯೂರೋಪಿಗೆ ಹೋದರೆ ವಿಲ್ನಿಯಸ್ ನೋಡಿ ಬನ್ನಿ

ಯೂರೋಪ್ ಪ್ರವಾಸ ಎಂದರೆ ನಮ್ಮ ಕೂಟದವರಿಗೆ ಒಂದು ನಿಗದಿಯಾದ ದಾರಿ ಇದೆ. ಲಂಡನ್, ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಹಿಮ, ರೋಮ್. ಇನ್ನೆರಡು ದಿನ ರಜೆ ಮಿಕ್ಕಿದ್ದರೆ ವೆನಿಸ್. ಹತ್ತು ದಿನದಲ್ಲಿ ಆರು ದೇಶ. ನಾವೂ 2006ರಲ್ಲಿ ಹಾಗೆಯೇ ಹೋಗಿ ಬಂದವರು. ಬೆಲ್ಜಿಯಂ ನೋಡಿದ್ದೇವೆ ಎಂದು ನಮ್ಮ ಫೋಟೋ ಆಲ್ಬಂ ಹೇಳುತ್ತದೆ. ನಮಗಂತೂ ನೆನಪಿಲ್ಲ; ಬಸ್ಸಿನಲ್ಲಿ ನಿದ್ದೆ ಹತ್ತಿತ್ತು.

ಆದ್ದರಿಂದ 2024ರ ಮೇ ತಿಂಗಳಲ್ಲಿ ಎಂಟು ದಿನ ಒಂದೇ ಊರಿನಲ್ಲಿ, ಅದೂ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ಇದ್ದು ಬರುತ್ತೇವೆ ಎಂದಾಗ ಸ್ನೇಹಿತರು ನಮ್ಮನ್ನು ಒಂಥರಾ ನೋಡಿದರು. "ಅದೆಲ್ಲಿದೆ ಡಾಕ್ಟ್ರೇ?" ಎಂದರು ಒಬ್ಬರು. "ಅಲ್ಲಿ ಯುದ್ಧ ನಡೀತಿಲ್ವಾ?" ಎಂದರು ಇನ್ನೊಬ್ಬರು. "ಲಿಥಿಯಂ ಸಿಗೋ ದೇಶಾನಾ?" ಎಂದು ಕೇಳಿದ ಮೂರನೆಯವರು ಸ್ವತಃ ಮನೋವೈದ್ಯರು, ಆದ್ದರಿಂದ ಕ್ಷಮಿಸಿದೆವು. ಇವರಿಗೆಲ್ಲ ಒಂದೇ ಸಲ ಉತ್ತರ ಕೊಡೋಣವೆಂದೇ ಈ ಲೇಖನ. ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಕೊನೆಗೆ ಹೇಳುತ್ತೇವೆ.

ಈ ಊರಿನ ಹೆಸರು ನಮ್ಮ ಕಿವಿಗೆ ಬಿದ್ದದ್ದು ನಮ್ಮ ಕ್ಲಿನಿಕ್‌ನಲ್ಲೇ. ಷಿಕಾಗೋದಲ್ಲಿ ಲಿಥುವೇನಿಯಾದವರು ನೂರು ವರ್ಷಕ್ಕೂ ಹಿಂದಿನಿಂದ ಇದ್ದಾರೆ. ಮಾರ್ಕೆಟ್ ಪಾರ್ಕ್ ಸುತ್ತಮುತ್ತ ಒಂದು ಕಾಲಕ್ಕೆ ಅವರದೇ ಅಂಗಡಿ, ಅವರದೇ ಚರ್ಚು, ಅವರದೇ ಆಸ್ಪತ್ರೆ ಇದ್ದವಂತೆ. ನಾವು ಇಲ್ಲಿ ರೆಸಿಡೆನ್ಸಿ ಮುಗಿಸಿ ಪ್ರಾಕ್ಟೀಸ್ ಶುರು ಮಾಡಿದ ಮೊದಲ ವರ್ಷಗಳಲ್ಲಿ ಅವರಲ್ಲೊಬ್ಬ ಹಿರಿಯರು ರಕ್ತದೊತ್ತಡ ತೋರಿಸಿಕೊಳ್ಳಲು ಬರುತ್ತಿದ್ದರು. 1944ರಲ್ಲಿ ಹುಡುಗನಾಗಿದ್ದಾಗ ಊರು ಬಿಟ್ಟವರು. ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಕೆಲವು ವರ್ಷ ಕಳೆದು ಅಮೆರಿಕಾ ಸೇರಿದವರು. ಒಂದು ದಿನ ಅವರ ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಕೇಳಿದರು: "ಡಾಕ್ಟರ್, ನಿಮ್ಮ ಭಾಷೆಯಲ್ಲಿ ಬೆಂಕಿಗೆ ಏನೆನ್ನುತ್ತೀರಿ?"

"ಬೆಂಕಿ," ಎಂದೆವು.

ಅವರ ಮುಖ ಸಪ್ಪಗಾಯಿತು. ಪಾಪ ಎನಿಸಿ, "ಅಗ್ನಿ ಎಂದೂ ಅನ್ನುತ್ತೇವೆ, ಅದು ಸಂಸ್ಕೃತದಿಂದ ಬಂದದ್ದು," ಎಂದೆವು. ಕೂಡಲೇ ಮುಖ ಅರಳಿತು. "ನಾವು ಉಗ್ನಿಸ್ ಎನ್ನುತ್ತೇವೆ!" ಅಂದಿನಿಂದ ಪ್ರತಿ ಭೇಟಿಗೂ ನಮಗೊಂದು ಪಾಠ. ದೇವರಿಗೆ ದಿಯೆವಾಸ್, ಮಗನಿಗೆ ಸೂನುಸ್, ಜೇನಿಗೆ ಮೆದುಸ್, ಹೊಗೆಗೆ ದೂಮೈ, ಕನಸಿಗೆ ಸಪ್ನಾಸ್. ಡಾಕ್ಟರಾದ ನಮಗೆ ಹಿಡಿಸಿದ್ದು ಅಂಗಾಂಗಗಳ ಹೆಸರು: ಕಣ್ಣು ಅಕಿಸ್, ಹಲ್ಲು ದಂತಿಸ್, ಮೂಗು ನೋಸಿಸ್, ಅಂಗಾಲು ಪಾದಾಸ್. ದಾವಣಗೆರೆಯಲ್ಲಿ ಅನಾಟಮಿ ಓದುವಾಗ ಲ್ಯಾಟಿನ್ ಬದಲು ಲಿಥುವೇನಿಯನ್ ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಕನ್ನಡ ದ್ರಾವಿಡ ಕುಟುಂಬದ್ದು, ಈ ನಂಟು ಸಂಸ್ಕೃತದ ಮೂಲಕ ನಮಗೆ ಬಂದದ್ದು ಎಂದು ನಾವು ಒತ್ತಿ ಹೇಳಿದರೂ ಅವರು ಕೇಳಲಿಲ್ಲ. "ನೀವು ನಮ್ಮ ದೂರದ ಬಂಧುಗಳು, ಒಮ್ಮೆ ವಿಲ್ನಿಯಸ್‌ಗೆ ಹೋಗಿ ಬನ್ನಿ," ಎಂದು ಕೊನೆಯವರೆಗೂ ಹೇಳುತ್ತಿದ್ದರು. 2019ರಲ್ಲಿ ತೀರಿಕೊಂಡರು. ಅವರ ಮಾತು ನಡೆಸಲು ನಮಗೆ ಇನ್ನೂ ಐದು ವರ್ಷ ಬೇಕಾಯಿತು.

ಷಿಕಾಗೋದಿಂದ ವಾರ್ಸಾಗೆ ಹೋಗಿ, ಅಲ್ಲಿ ವಿಮಾನ ಬದಲಿಸಿದರೆ ವಿಲ್ನಿಯಸ್ ಹತ್ತಿರ. ವಿಮಾನ ನಿಲ್ದಾಣದಿಂದ ಹಳೆಯ ಊರಿಗೆ ಆರೇಳು ಕಿಲೋಮೀಟರ್ ಅಷ್ಟೆ. ಇಳಿದ ದಿನವೇ ಅಂಗಡಿಯೊಂದರಲ್ಲಿ ನೀರಿನ ಬಾಟಲಿ ಕೊಂಡಾಗ ಹುಡುಗಿ "ಆಚ್ಯೂ" ಎಂದಳು. ನಮ್ಮಾಕೆ ಅಭ್ಯಾಸಬಲದಿಂದ "ನೂರು ವರ್ಷ ಬಾಳಮ್ಮ" ಎಂದಳು. ಅದು ಸೀನಲ್ಲ, ಅವರ ಭಾಷೆಯಲ್ಲಿ ಥ್ಯಾಂಕ್ಸ್ ಎಂದು ತಿಳಿದದ್ದು ಮಾರನೆಯ ದಿನ. ಹಾಗೆಂದು ಹರಸಿದ್ದೇನೂ ವ್ಯರ್ಥವಾಗಲಿಲ್ಲ ಬಿಡಿ.

ಇಲ್ಲಿಗೆ ಹೋಗಲು ಮೊದಲನೆಯ ಕಾರಣ, ಇದು ನಡೆದು ನೋಡುವ ಊರು. ಸುಮಾರು ಆರು ಲಕ್ಷ ಜನ. ನಮ್ಮ ಮಂಗಳೂರಿನಷ್ಟು ಎನ್ನಿ. ಹಳೆಯ ಪಟ್ಟಣ ನಾಲ್ಕು ಚದರ ಕಿಲೋಮೀಟರಿಗೂ ಕಡಿಮೆ. 1994ರಿಂದ ಯುನೆಸ್ಕೋ ಪಟ್ಟಿಯಲ್ಲಿದ್ದರೂ ಪ್ಯಾರಿಸ್‌ನ ನೂಕುನುಗ್ಗಲಿಲ್ಲ. ಕಲ್ಲು ಹಾಸಿನ ಓಣಿಗಳು, ತಿರುವಿಗೊಂದು ಚರ್ಚು, ಚರ್ಚುಗಳ ಗೋಡೆಗೆ ಹಳದಿ, ಗುಲಾಬಿ, ತಿಳಿ ಹಸಿರು ಬಣ್ಣ. ಸೇಂಟ್ ಆನ್ ಚರ್ಚು ಮಾತ್ರ ಪೂರ್ತಿ ಕೆಂಪು ಇಟ್ಟಿಗೆಯದು. ನೆಪೋಲಿಯನ್ ಅದನ್ನು ಅಂಗೈಯಲ್ಲಿಟ್ಟು ಪ್ಯಾರಿಸ್‌ಗೆ ಒಯ್ಯಬೇಕೆಂದು ಆಸೆಪಟ್ಟನೆಂದು ಕಥೆ. ಊರಿನ ಮಧ್ಯೆ ಗುಡ್ಡ, ಗುಡ್ಡದ ಮೇಲೆ ಗೆದಿಮಿನಾಸ್ ಅರಸನ ಕೋಟೆಯ ಬುರುಜು. ಈ ಅರಸ 1323ರಲ್ಲಿ ಜರ್ಮನ್ ಪಟ್ಟಣಗಳಿಗೆ ಪತ್ರ ಬರೆಸಿ, ವ್ಯಾಪಾರಿಗಳು, ಕುಶಲಕರ್ಮಿಗಳು ಎಲ್ಲರೂ ನಮ್ಮ ಊರಿಗೆ ಬನ್ನಿ ಎಂದು ಕರೆದ. ವಿಲ್ನಿಯಸ್‌ನ ಹೆಸರು ಮೊದಲು ಸಿಗುವುದು ಆ ಪತ್ರಗಳಲ್ಲೇ. ಹೊರಗಿನವರನ್ನು ಕರೆಯುವ ಆಮಂತ್ರಣವನ್ನೇ ಊರಿನ ಜನ್ಮಪತ್ರಿಕೆ ಮಾಡಿಕೊಂಡವರನ್ನು ನಾವು ಬೇರೆಲ್ಲೂ ಕಂಡಿಲ್ಲ. ವಲಸೆ ಬಂದು ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಇದು ಬಹಳ ಹಿತವೆನಿಸಿತು.

ಕ್ಯಾಥೆಡ್ರಲ್ ಚೌಕದ ನೆಲದಲ್ಲಿ ಒಂದು ಬಿಲ್ಲೆ ಇದೆ. ಅದರ ಮೇಲೆ "ಪವಾಡ" ಎಂಬ ಅರ್ಥದ ಅವರ ಪದ ಬರೆದಿದೆ. 1989ರ ಆಗಸ್ಟ್ 23ರಂದು ಲಿಥುವೇನಿಯಾ, ಲಾತ್ವಿಯಾ, ಎಸ್ಟೋನಿಯಾಗಳ ಸುಮಾರು 20 ಲಕ್ಷ ಜನ ಕೈಕೈ ಹಿಡಿದು 600 ಕಿಲೋಮೀಟರಿಗೂ ಉದ್ದದ ಸರಪಳಿಯಾಗಿ ನಿಂತರಲ್ಲ, ಅದರ ಒಂದು ತುದಿ ಈ ಊರು. ಬಿಲ್ಲೆಯ ಮೇಲೆ ನಿಂತು ಮೂರು ಸುತ್ತು ತಿರುಗಿ ಬೇಡಿಕೊಂಡರೆ ನಡೆಯುತ್ತದಂತೆ. ಪ್ರದಕ್ಷಿಣೆ ಎಂದರೆ ನಮ್ಮವರಿಗೆ ಹೇಳಿಕೊಡಬೇಕೇ? ನಮ್ಮಾಕೆ ಸುತ್ತಿದಳು. ಏನು ಬೇಡಿಕೊಂಡೆ ಎಂದರೆ ಹೇಳಲಿಲ್ಲ.

ಊರಾಚೆ ಟೆಲಿವಿಷನ್ ಗೋಪುರವಿದೆ. ಸ್ವಾತಂತ್ರ್ಯ ಘೋಷಿಸಿಕೊಂಡ ಮರುವರ್ಷ, 1991ರ ಜನವರಿ 13ರ ನಸುಕಿನಲ್ಲಿ, ಬರಿಗೈಯಲ್ಲಿ ಅದನ್ನು ಕಾಯುತ್ತ ನಿಂತ ಜನರ ಮೇಲೆ ಸೋವಿಯತ್ ಟ್ಯಾಂಕುಗಳು ನುಗ್ಗಿದವು. ಒಟ್ಟು 14 ಜನ ಸತ್ತರು. ಆ ರಾತ್ರಿ ಷಿಕಾಗೋದಲ್ಲಿ ರೇಡಿಯೋ ಮುಂದೆ ಕೂತು ಬೆಳಗು ಮಾಡಿದ್ದನ್ನು ನಮ್ಮ ಆ ಹಿರಿಯರು ಹೇಳಿದ್ದು ಅಲ್ಲಿ ನೆನಪಾಯಿತು.

ಎರಡನೆಯ ಕಾರಣ ಊಟ. ನಗಬೇಡಿ. ಯೂರೋಪಿನಲ್ಲಿ ಶಾಕಾಹಾರಿಯ ಪಾಡು ಎಂದರೆ ಪಿಜ್ಜಾ ಮತ್ತು ಉಪವಾಸ ಎಂದುಕೊಂಡಿದ್ದೆವು. ಇಲ್ಲಿ ಮೊದಲ ಮಧ್ಯಾಹ್ನವೇ ಒಂದು ಬಟ್ಟಲು ತಂದಿಟ್ಟರು. ಬಣ್ಣ ನೋಡಿದರೆ ಮಕ್ಕಳ ಕ್ಯಾಲಮೈನ್ ಲೋಷನ್! ಬಾಯಿಗಿಟ್ಟರೆ ನಮ್ಮದೇ ಬೀಟ್‌ರೂಟ್ ಮೊಸರು ಬಜ್ಜಿ, ಸ್ವಲ್ಪ ತೆಳ್ಳಗೆ, ಸೌತೆಕಾಯಿ ಸೇರಿಸಿ ತಣ್ಣಗೆ ಮಾಡಿದ್ದು. ಮೇಲೆ ಕೈತುಂಬ ಸಬ್ಬಸಿಗೆ ಸೊಪ್ಪು. ಹೆಸರು ಶಾಲ್ತಿಬಾರ್ಶ್ಚೈ. ಬದಿಗೆ ಬಿಸಿ ಆಲೂಗಡ್ಡೆ, ಅದರ ಮೇಲೂ ಸಬ್ಬಸಿಗೆ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಸಿಗಲಿಲ್ಲವೆಂದು ಮೂವತ್ತು ವರ್ಷ ಗೊಣಗಿದ ನಮ್ಮಾಕೆ ಅಲ್ಲಿಯೇ ಆ ದೇಶದ ಪರ ಆಗಿಬಿಟ್ಟಳು. ಬೇಯಿಸಿದ ಮೊಟ್ಟೆ ಹಾಕುವ ರೂಢಿ ಇದೆ, ಬೇಡವೆಂದು ಮೊದಲೇ ಹೇಳಬೇಕು. ಆಲೂಗಡ್ಡೆ ತುರಿದು ಮಾಡುವ ದೋಸೆಯಂಥದ್ದು ಒಂದಿದೆ. ಕಡುಬಿನಂಥ ಸೆಪೆಲಿನೈ ಇದೆ, ಒಳಗೆ ಮಾಂಸದ ಬದಲು ಗಿಣ್ಣಿನಂಥ ಮೊಸರುಗಡ್ಡೆ ತುಂಬಿದ್ದು ಸಿಗುತ್ತದೆ. ಒಂದೇ ತಿಂದರೆ ರಾತ್ರಿ ಊಟ ಬೇಡ. ಎರಡು ತಿಂದ ನಮಗೆ ಈ ಸಲಹೆ ಕೊಡುವ ಅಧಿಕಾರ ಇದೆ.

ಮೂರನೆಯ ಕಾರಣ ಕೂಟದಲ್ಲಿರುವ ಡಾಕ್ಟರುಗಳಿಗೆ, ಅಂದರೆ ನಮ್ಮಲ್ಲಿ ಅರ್ಧ ಜನಕ್ಕೆ. ರಷ್ಯಾದಲ್ಲಿ ಸೋತ ನೆಪೋಲಿಯನ್ನನ ಸೈನ್ಯ 1812ರ ಡಿಸೆಂಬರಿನಲ್ಲಿ ಈ ಊರಿಗೆ ಬಂದು ಕುಸಿದು ಬಿತ್ತು. 2001ರಲ್ಲಿ ಸೋವಿಯತ್ ಸೇನಾ ನೆಲೆಯೊಂದಿದ್ದ ಜಾಗದಲ್ಲಿ ಮನೆ ಕಟ್ಟಲು ಅಗೆದಾಗ ಸಾವಿರಾರು ಸೈನಿಕರ ಎಲುಬುಗಳು ಸಿಕ್ಕವು. 2006ರಲ್ಲಿ ಫ್ರೆಂಚ್ ಸಂಶೋಧಕರು ಅವರ ಹಲ್ಲುಗಳಲ್ಲೂ, ಜೊತೆಗೆ ಸಿಕ್ಕ ಹೇನುಗಳ ಅವಶೇಷದಲ್ಲೂ ಟೈಫಸ್ ಮತ್ತು ಟ್ರೆಂಚ್ ಜ್ವರದ ರೋಗಾಣುಗಳ ಡಿಎನ್ಎ ಕಂಡರು. ನಾವು ಹಿಂದಿರುಗಿದ ಮೇಲೆ, 2025ರಲ್ಲಿ, ಬೇರೆ 13 ಸೈನಿಕರ ಹಲ್ಲುಗಳನ್ನು ಹೊಸ ವಿಧಾನದಲ್ಲಿ ಪರೀಕ್ಷಿಸಿದವರಿಗೆ ಪ್ಯಾರಾಟೈಫಾಯ್ಡ್ ಮತ್ತು ಮರುಕಳಿಸುವ ಜ್ವರದ ಕುರುಹು ಸಿಕ್ಕಿತು. ಚಳಿ, ಹಸಿವು, ಹೇನು, ಕೊಳಕು ನೀರು. ಗುಂಡು ತಾಗಿ ಸತ್ತವರಿಗಿಂತ ಇವುಗಳಿಂದ ಸತ್ತವರೇ ಹೆಚ್ಚು. ಅಂತಾಕಲ್ನಿಸ್ ಸ್ಮಶಾನದಲ್ಲಿ ಅವರನ್ನು ಮತ್ತೆ ಮಣ್ಣು ಮಾಡಿದ್ದಾರೆ.

ಹಳೆಯ ಊರಿನಲ್ಲಿ ಇನ್ನೊಬ್ಬ ಡಾಕ್ಟರ್ ಸಿಕ್ಕರು, ಕಂಚಿನಲ್ಲಿ. ಟೋಪಿ, ಉದ್ದ ಕೋಟು. ಎದುರಿಗೆ ಬೆಕ್ಕು ಎತ್ತಿಕೊಂಡ ಪುಟ್ಟ ಹುಡುಗಿ. ತ್ಸೆಮಾಖ್ ಷಾಬಾದ್ ಎಂಬ ಯೆಹೂದಿ ವೈದ್ಯರು, 1935ರಲ್ಲಿ ತೀರಿಕೊಂಡರು. ಬಡವರ ಮಕ್ಕಳಿಗೆ ದುಡ್ಡಿಲ್ಲದೆ ಚಿಕಿತ್ಸೆ ಮಾಡುತ್ತಿದ್ದವರು. ಅವರ ಪರಿಚಯವಿದ್ದ ರಷ್ಯನ್ ಲೇಖಕ ಕೊರ್ನೇಯ್ ಚುಕೋವ್‌ಸ್ಕಿ ಪ್ರಾಣಿಗಳಿಗೆ ಔಷಧಿ ಕೊಡುವ ಡಾಕ್ಟರ್ ಐಬೊಲಿತ್ ಎಂಬ ಪಾತ್ರವನ್ನು ಇವರನ್ನು ನೆನೆದೇ ಕಟ್ಟಿದರಂತೆ. ನಾವು ಆ ಹುಡುಗಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು. ಮೂವತ್ತು ವರ್ಷದ ಪ್ರಾಕ್ಟೀಸ್‌ನಲ್ಲಿ ವಿಮಾ ಕಂಪನಿಗೆ ಬರೆದ ಕಾಗದಗಳೇ ಜಾಸ್ತಿ ಎನ್ನುವುದು ಯಾಕೋ ಆಗ ನೆನಪಿಗೆ ಬಂತು.

ಷಾಬಾದ್ ಅವರ ಊರು ಈಗಿಲ್ಲ. ರಷ್ಯಾದ 1897ರ ಜನಗಣತಿಯ ಪ್ರಕಾರ ವಿಲ್ನಿಯಸ್‌ನಲ್ಲಿ ನೂರಕ್ಕೆ 40 ಜನ ಯೆಹೂದ್ಯರು. ಯಿದ್ದಿಶ್ ಭಾಷೆಯ ದೊಡ್ಡ ಸಂಶೋಧನಾ ಸಂಸ್ಥೆಯಾದ ಯಿವೋ 1925ರಲ್ಲಿ ಇಲ್ಲಿ ಹುಟ್ಟಿತು. 1941ರಿಂದ ನಾಜಿಗಳು ಮತ್ತು ಅವರೊಡನೆ ಸೇರಿದ ಸ್ಥಳೀಯರು ಊರಾಚೆಯ ಪಾನೇರೈ ಕಾಡಿನಲ್ಲಿ ಅಂದಾಜು 70,000 ಯೆಹೂದ್ಯರನ್ನು ಕೊಂದರು. ಯಿವೋದ ಪುಸ್ತಕಗಳನ್ನು ಜರ್ಮನಿಗೆ ಸಾಗಿಸಲು ವಿಂಗಡಿಸುವ ಕೆಲಸಕ್ಕೆ ಘೆಟ್ಟೋದಲ್ಲಿದ್ದ ಯೆಹೂದಿ ವಿದ್ವಾಂಸರನ್ನು, ಕವಿಗಳನ್ನು ಹಚ್ಚಿದ್ದರು. ಉಳಿದ ಪುಸ್ತಕಗಳೆಲ್ಲ ರದ್ದಿ ಗಿರಣಿಗೆ. ಅವರು ಸಂಜೆ ವಾಪಸಾಗುವಾಗ ಬಟ್ಟೆಯೊಳಗೆ ಹಸ್ತಪ್ರತಿಗಳನ್ನು ಅಡಗಿಸಿ ತಂದು ಹೂತಿಟ್ಟರು. ಸಿಕ್ಕಿಬಿದ್ದರೆ ಪ್ರಾಣ ಹೋಗುತ್ತಿತ್ತು. ಯುದ್ಧ ಮುಗಿದ ಮೇಲೆ ಸೋವಿಯತ್ ಆಡಳಿತ ಅವನ್ನೂ ನಾಶಮಾಡಹೊರಟಾಗ ಅಂತಾನಾಸ್ ಉಲ್ಪಿಸ್ ಎಂಬ ಲಿಥುವೇನಿಯನ್ ಗ್ರಂಥಪಾಲಕ ಉಗ್ರಾಣವಾಗಿದ್ದ ಚರ್ಚೊಂದರಲ್ಲಿ ಬಚ್ಚಿಟ್ಟು ಕಾಪಾಡಿದ. ಓದುವ ಜನರೇ ಇಲ್ಲವಾದ ಮೇಲೂ ಪುಸ್ತಕಗಳು ಉಳಿದವು. ಇದನ್ನು ಕೇಳಿದ ದಿನ ನಾವು ಬೇರೇನೂ ನೋಡಲಿಲ್ಲ. ನದಿಯ ದಂಡೆಯಲ್ಲಿ ಸುಮ್ಮನೆ ಕೂತಿದ್ದು ಮನೆಗೆ ಬಂದೆವು.

ಈಗ ನಾಲ್ಕನೆಯ ಕಾರಣ. ನಮ್ಮ ಮಟ್ಟಿಗೆ ಇದೇ ಮುಖ್ಯವಾದದ್ದು.

ಲಿಥುವೇನಿಯಾ ಆಗ ರಷ್ಯನ್ ಸಾಮ್ರಾಜ್ಯದೊಳಗಿತ್ತು. 1863ರ ದಂಗೆಯ ನಂತರ ಝಾರ್ ಸರ್ಕಾರ ಲಿಥುವೇನಿಯನ್ ಭಾಷೆಯನ್ನು ಅದರ ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕುವುದನ್ನೇ ನಿಷೇಧಿಸಿತು. ರಷ್ಯನ್ ಲಿಪಿಯಲ್ಲಿ ಬೇಕಾದರೆ ಬರೆಯಿರಿ, ಪುಸ್ತಕ ನಾವೇ ಕೊಡುತ್ತೇವೆ ಎಂದಿತು. ಜನ ಮುಟ್ಟಲಿಲ್ಲ. ಗಡಿಯಾಚೆ ಜರ್ಮನರ ಪೂರ್ವ ಪ್ರಶಿಯಾದಲ್ಲಿ ಅಚ್ಚಾದ ಪ್ರಾರ್ಥನಾ ಪುಸ್ತಕ, ಕಾಗುಣಿತ, ಪಂಚಾಂಗಗಳನ್ನು ರೈತರು ರಾತ್ರಿ ಹೊತ್ತು ಮೂಟೆ ಕಟ್ಟಿ, ಹುಲ್ಲಿನ ಗಾಡಿಯಲ್ಲಿ ಅಡಗಿಸಿ ತಂದರು. ಇವರಿಗೆ ಕ್ನಿಗ್ನೆಶಿಸ್, ಅಂದರೆ ಪುಸ್ತಕ ಹೊರುವವನು ಎಂದೇ ಹೆಸರು. ಕೆಲವರು ಗಡಿಯಲ್ಲಿ ಗುಂಡಿಗೆ ಬಲಿಯಾದರು, ಹಲವರು ಸೈಬೀರಿಯಾಕ್ಕೆ ಹೋದರು. ಯೂರ್ಗಿಸ್ ಬಿಯೆಲಿನಿಸ್ ಎಂಬ ರೈತನಂತೂ ಮೂವತ್ತು ವರ್ಷ ಇದನ್ನೇ ಮಾಡಿದ. ಆತನ ಹುಟ್ಟಿದ ದಿನ ಮಾರ್ಚ್ 16ನ್ನು ಇವತ್ತಿಗೂ ಪುಸ್ತಕ ಹೊತ್ತವರ ದಿನವೆಂದು ಆಚರಿಸುತ್ತಾರೆ. ಶಾಲೆಯಲ್ಲಿ ರಷ್ಯನ್, ಆದ್ದರಿಂದ ಮನೆಯೇ ಶಾಲೆ. ಪೇತ್ರಾಸ್ ರಿಮ್ಶಾ 1906ರಲ್ಲಿ ಮಾಡಿದ ಒಂದು ಪ್ರಸಿದ್ಧ ಶಿಲ್ಪವಿದೆ: ತಾಯಿ ನೂಲುವ ರಾಟೆಯ ಮುಂದೆ ಕೂತಿದ್ದಾಳೆ, ಪಕ್ಕದಲ್ಲಿ ಮಗು ಪುಸ್ತಕ ಹಿಡಿದು ಓದುತ್ತಿದೆ. ಅದರ ಚಿತ್ರವಿರುವ ಕಾರ್ಡು ತಂದು ನಮ್ಮ ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ. ನಿಷೇಧ 40 ವರ್ಷ ನಡೆದು 1904ರ ಮೇ 7ರಂದು ತೆರವಾಯಿತು. ನಾವು ಅಲ್ಲಿದ್ದಾಗಲೇ ಆ ದಿನ ಬಂತು.

ಈ ಕಥೆಯಲ್ಲಿ ಇಬ್ಬರು ಡಾಕ್ಟರುಗಳಿದ್ದಾರೆ. ಒಬ್ಬರು ಯೋನಾಸ್ ಬಸಾನಾವಿಚಿಯುಸ್. ಮಾಸ್ಕೋದಲ್ಲಿ ವೈದ್ಯಕೀಯ ಓದಿ, 1880ರಿಂದ 1905ರವರೆಗೆ ಬಹುಪಾಲು ಬಲ್ಗೇರಿಯಾದಲ್ಲಿ ಪ್ರಾಕ್ಟೀಸ್ ಮಾಡಿದವರು. ಎಂದರೆ ನಮ್ಮ ಹಾಗೆ ಪರದೇಶದ ಡಾಕ್ಟರು. 1883ರಲ್ಲಿ, ಪ್ರಾಗ್‌ನಲ್ಲಿ ಇದ್ದುಕೊಂಡು, ಅವರು ಲಿಥುವೇನಿಯನ್ ಭಾಷೆಯಲ್ಲಿ ಒಂದು ಪತ್ರಿಕೆ ಶುರು ಮಾಡಿದರು. ಅಚ್ಚಾಗುವುದು ಪ್ರಶಿಯಾದಲ್ಲಿ, ಹೋಗುವುದು ಮೂಟೆಯಲ್ಲಿ. ಹೆಸರು ಔಶ್ರಾ, ಎಂದರೆ ಉಷೆ. ಬದುಕಿದ್ದು ಮೂರೇ ವರ್ಷ, 1886ರವರೆಗೆ.

ಇನ್ನೊಬ್ಬರು ವಿಂತ್ಸಾಸ್ ಕುದಿರ್ಕಾ. ಶಾಲೆಯಲ್ಲಿ ತನ್ನ ಭಾಷೆ ರೈತರ ಭಾಷೆಯೆಂದು ನಾಚಿ, ಲಿಥುವೇನಿಯನ್ ಬರುತ್ತದೆಂಬುದನ್ನೇ ಗೆಳೆಯರಿಂದ ಮುಚ್ಚಿಟ್ಟವರು. ವಾರ್ಸಾದಲ್ಲಿ ಓದುತ್ತಿದ್ದಾಗ ಔಶ್ರಾದ ಸಂಚಿಕೆ ಕೈಗೆ ಬಂತು. ತಿರುವಿ ಹಾಕಿ, ಮೇಜಿನ ಮೇಲೆ ತಲೆಯಿಟ್ಟು ಅತ್ತೆ ಎಂದು ತಾವೇ ಬರೆದಿದ್ದಾರೆ. ಮುಂದೆ ಡಾಕ್ಟರಾಗಿ, ಕ್ಷಯ ಹಿಡಿದ ಮೇಲೂ ಪತ್ರಿಕೆ ಬಿಡದೆ, 1899ರಲ್ಲಿ 40ನೆಯ ವಯಸ್ಸಿಗೆ ತೀರಿಕೊಂಡರು. ಈಗಿನ ಲಿಥುವೇನಿಯಾದ ರಾಷ್ಟ್ರಗೀತೆ ಅವರದೇ. ಬಸಾನಾವಿಚಿಯುಸ್ ಊರಿಗೆ ಹಿಂದಿರುಗಿ, 1918ರ ಫೆಬ್ರವರಿ 16ರಂದು ಪಿಲಿಯೆಸ್ ಬೀದಿಯ ಮನೆಯೊಂದರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 20 ಜನರಲ್ಲಿ ಒಬ್ಬರಾದರು. ಆ ಮನೆ ಈಗ ಮ್ಯೂಸಿಯಂ. ಒಂಬತ್ತು ವರ್ಷದ ಮೇಲೆ ಅದೇ ತಾರೀಕಿನಂದು ಅವರು ತೀರಿಕೊಂಡರು. ರಾಸೋಸ್ ಸ್ಮಶಾನದಲ್ಲಿ ಅವರ ಗೋರಿಯ ಮುಂದೆ ನಿಂತಾಗ ನಮಗೆ ನಮ್ಮ ಸಂಪಾದಕರ ನೆನಪಾಯಿತು. ಹದಿನೈದು ವರ್ಷದಿಂದ ಅವರು ಈ ಜೆರಾಕ್ಸ್ ಪತ್ರಿಕೆಗೆ ಲೇಖನ ಕೇಳುತ್ತಿದ್ದಾರೆ. ಹದಿನೈದು ವರ್ಷದಿಂದ ನಾವು "ಈ ವಾರ ಆನ್ ಕಾಲ್ ಇದೆ ಸಾರ್" ಎನ್ನುತ್ತಿದ್ದೇವೆ.

ಇನ್ನೊಂದು ಅಂಕಿ ಹೇಳಬೇಕು. ಅದೇ 1897ರ ಜನಗಣತಿಯಲ್ಲಿ ವಿಲ್ನಿಯಸ್ ನಗರದೊಳಗೆ ಲಿಥುವೇನಿಯನ್ ಮಾತಾಡುವವರು ನೂರಕ್ಕೆ ಇಬ್ಬರು! ಬೆಂಗಳೂರಿನಲ್ಲಿ ಕನ್ನಡ ಕೇಳಿಸುವುದಿಲ್ಲ ಎಂದು ಪ್ರತಿ ರಾಜ್ಯೋತ್ಸವದಲ್ಲೂ ನಿಟ್ಟುಸಿರು ಬಿಡುವ ನಾವು ಇದನ್ನು ಓದಿ ತೆಪ್ಪಗಾದೆವು. ಇಂದು ನೂರಕ್ಕೆ 60ಕ್ಕೂ ಹೆಚ್ಚು. ಈ ಬದಲಾವಣೆಯ ಹಿಂದೆ ಯೆಹೂದ್ಯರ ಕೊಲೆಯೂ ಇದೆ, ಯುದ್ಧದ ನಂತರ ಊರು ಬಿಟ್ಟು ಹೋಗಬೇಕಾದ ಪೋಲಿಷ್ ಜನರ ಕಣ್ಣೀರೂ ಇದೆ. ಅದನ್ನು ಮರೆತು ಚಪ್ಪಾಳೆ ಹೊಡೆಯುವಂತಿಲ್ಲ. ಆದರೆ ಒಂದು ಮಾತಂತೂ ನಿಜ. ಈ ಭಾಷೆ ಉಳಿದದ್ದು ಸಂಸ್ಕೃತದಷ್ಟು ಹಳೆಯದೆಂಬ ಹೆಮ್ಮೆಯಿಂದಲ್ಲ. ದಿನವೂ ಯಾರೋ ಅದನ್ನು ಮನೆಯೊಳಗೆ ಹೊತ್ತು ತಂದರು, ಆದ್ದರಿಂದ ಉಳಿಯಿತು.

ನಾವು ಉಳಿದುಕೊಂಡದ್ದು ಉಜುಪಿಸ್ ಎಂಬ ಬಡಾವಣೆಯ ಪಕ್ಕ. ಕಲಾವಿದರ ಕೇರಿ ಅದು. 1997ರ ಏಪ್ರಿಲ್ 1ರಂದು ತಮಾಷೆಗೆ ತಮ್ಮದೇ ಗಣರಾಜ್ಯ ಎಂದು ಘೋಷಿಸಿಕೊಂಡು, ಸಂವಿಧಾನವನ್ನು ಹತ್ತಾರು ಭಾಷೆಗಳಲ್ಲಿ ಗೋಡೆಗೆ ಹಾಕಿದ್ದಾರೆ. ನಮ್ಮ ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಲಿಥುವೇನಿಯನ್, ರಷ್ಯನ್, ಪೋಲಿಷ್ ಮೂರೂ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲ ಮೂರು ದಿನ ಕೈಸನ್ನೆಯಲ್ಲೇ ನಡೆಯಿತು. ನಾಲ್ಕನೆಯ ದಿನ ನೆಂಟರ ಮದುವೆಗೆಂದು ಅವರ ಮಗಳು ಡಬ್ಲಿನ್‌ನಿಂದ ಬಂದಳು, ಜೊತೆಗೆ ಐದು ವರ್ಷದ ಮಗು. ಐರ್ಲೆಂಡಿನಲ್ಲೇ ಹುಟ್ಟಿ ಬೆಳೆಯುತ್ತಿರುವ ಮಗು. ಬೆಳಗ್ಗೆ ತಿಂಡಿಗೆ ಕೂತಾಗ ಅಜ್ಜಿ ಏನೋ ಅಂದರು. ಮಗು ನಮ್ಮ ಕಡೆ ತಿರುಗಿ ಅಚ್ಚ ಐರಿಷ್ ಇಂಗ್ಲಿಷಿನಲ್ಲಿ, "ಇನ್ನೂ ಸ್ವಲ್ಪ ಆಲೂಗಡ್ಡೆ ಹಾಕಿಸಿಕೊಳ್ಳಬೇಕಂತೆ, ನೀವು ಏನೂ ತಿನ್ನುತ್ತಿಲ್ಲವಂತೆ," ಎಂದಳು. ನಾವು ಸಾಕು ಎಂದೆವು. ಅವಳು ಅಜ್ಜಿಗೆ ಹೇಳಿದಳು. ಅಜ್ಜಿ ಕೇಳದೆ ಬಡಿಸಿದರು. ಅಜ್ಜಿ, ಮೊಮ್ಮಗಳು ಇಬ್ಬರೂ ನಕ್ಕರು. ಉಳಿದ ದಿನಗಳಿಗೆಲ್ಲ ಆ ಮಗುವೇ ನಮ್ಮ ದುಭಾಷಿ.

ಆ ರಾತ್ರಿ ನಮ್ಮಾಕೆಗೆ ನಿದ್ದೆ ಬರಲಿಲ್ಲ. "ರೀ, ನಮ್ಮನೇಲಿ ದುಭಾಷಿ ಯಾರಾಗಿದ್ರು ನೆನಪಿದೆಯಾ?" ಎಂದಳು.

ನೆನಪಿದೆ. ನಮ್ಮ ಮಗ ಎರಡೂವರೆ ವರ್ಷವಾದರೂ ನಾಲ್ಕಾರು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಅವನು ಹೋಗುತ್ತಿದ್ದ ಶಿಶುವಿಹಾರದವರು, ಮನೆಯಲ್ಲಿ ಎರಡು ಭಾಷೆ ಇರುವುದರಿಂದ ಮಗುವಿಗೆ ಗೊಂದಲ, ಒಂದೇ ಭಾಷೆ ಆಡಿ ಎಂದರು. ಡಾಕ್ಟರಾದ ನಾವು ಒಂದು ಪುಸ್ತಕವನ್ನೂ ತೆರೆದು ನೋಡದೆ ಒಪ್ಪಿಕೊಂಡೆವು. ಮಾರನೆಯ ದಿನದಿಂದ ಮನೆಯಲ್ಲಿ ಕನ್ನಡ ಬಂದ್. ಮಗ ಮೂರು ದಾಟುವಷ್ಟರಲ್ಲಿ ಗಿಳಿಯ ಹಾಗೆ ಮಾತಾಡಿದ. ಬಹುಶಃ ಹೇಗಿದ್ದರೂ ಮಾತಾಡುತ್ತಿದ್ದ. 2004ರಲ್ಲಿ ನಮ್ಮ ಅಮ್ಮ ಊರಿನಿಂದ ಬಂದು ಆರು ತಿಂಗಳಿದ್ದರು. "ಹಸಿವಾಯ್ತೇನೋ ಕಂದಾ?" ಎಂದು ಅಮ್ಮ ಕೇಳಿದರೆ ಮಗು ನಮ್ಮ ಮುಖ ನೋಡುತ್ತಿತ್ತು. ನಾವು ಇಂಗ್ಲಿಷಿನಲ್ಲಿ ಹೇಳುವುದು, ಅವನ ಉತ್ತರವನ್ನು ಅಮ್ಮನಿಗೆ ಕನ್ನಡದಲ್ಲಿ ತಿಳಿಸುವುದು. ನಾವು ಕ್ಲಿನಿಕ್‌ಗೆ ಹೋದ ಮೇಲೆ ಅಜ್ಜಿ ಮೊಮ್ಮಗ ಇಬ್ಬರೂ ಟಿ.ವಿ. ಮುಂದೆ ಸುಮ್ಮನೆ ಕೂತಿರುತ್ತಿದ್ದರಂತೆ. ಅಮ್ಮ ಒಂದು ದಿನವೂ ದೂರಲಿಲ್ಲ. ಮತ್ತೆ ಬರಲೂ ಇಲ್ಲ.

ಇದು ನಮ್ಮ ಮನೆಯ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಆ ವರ್ಷಗಳಲ್ಲಿ ಯುಗಾದಿ, ಗಣೇಶನ ಹಬ್ಬದ ಊಟದ ಸಾಲಿನಲ್ಲಿ ನಿಂತು, "ಡಾಕ್ಟ್ರೇ, ಮಗು ಇನ್ನೂ ಮಾತಾಡ್ತಿಲ್ಲ" ಎಂದು ಕೇಳಿದ ಮೂರ್ನಾಲ್ಕು ಕುಟುಂಬಗಳಿಗೆ ನಾವು ಅದೇ ಸಲಹೆ ಕೊಟ್ಟಿದ್ದೇವೆ: ಕನ್ನಡ ಸ್ವಲ್ಪ ದಿನ ನಿಲ್ಲಿಸಿ, ಆಮೇಲೆ ಕಲಿಸಿದರಾಯಿತು. ಆಮೇಲೆ ಎಂಬುದು ಯಾರ ಮನೆಗೂ ಬರಲಿಲ್ಲ. ಆ ಸಲಹೆ ತಪ್ಪು. ಎರಡು ಭಾಷೆ ಕೇಳುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಿದರೆ ಒಂದೇ ಭಾಷೆಯ ಮಕ್ಕಳಿಗೆ ಸಮನಾಗಿಯೇ ಇರುತ್ತವೆ. ನಿಜವಾದ ಮಾತಿನ ತೊಂದರೆ ಇರುವ ಮಕ್ಕಳು ಕೂಡ ಎರಡು ಭಾಷೆ ಕಲಿಯಬಲ್ಲರು. ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಸ್ಪೀಚ್ ತಜ್ಞರನ್ನು ಕಾಣಿ, ಕಾಯುತ್ತ ಕೂರಬೇಡಿ. ಆದರೆ ಮನೆಮಾತನ್ನು ನಿಲ್ಲಿಸಬೇಡಿ. ನಮ್ಮ ಮಾತು ಕೇಳಿ ನಿಲ್ಲಿಸಿದವರ ಬಳಿ ಈ ಪತ್ರಿಕೆಯ ಮೂಲಕ ಕ್ಷಮೆ ಕೇಳುತ್ತಿದ್ದೇವೆ. ಝಾರ್ ದೊರೆ 40 ವರ್ಷ ಪ್ರಯತ್ನಿಸಿ ಮಾಡಲಾಗದ್ದನ್ನು ನಾವು ಒಂದು ರಾತ್ರಿಯಲ್ಲಿ, ಪ್ರೀತಿಯಿಂದಲೇ, ಮಾಡಿಬಿಟ್ಟೆವು.

ಇನ್ನು ಹೋಗುವವರಿಗೆ ಕೆಲವು ಸೂಚನೆ. ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಮೇನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಆದರೆ ಸ್ವೆಟರ್ ಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರು ಷೆಂಗೆನ್ ವೀಸಾ ಮಾಡಿಸಬೇಕು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಮೊದಲೇ ಅರ್ಜಿ ಹಾಕಿ. ನಾಣ್ಯ ಯೂರೋ. ಕಲ್ಲು ಹಾಸಿನ ಬೀದಿ ಮಂಡಿನೋವಿನವರಿಗೆ ಕಷ್ಟ. ಒಳ್ಳೆಯ ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡ. ಕಾಡಿನಲ್ಲಿ ಅಡ್ಡಾಡುವ ಯೋಚನೆ ಇದ್ದರೆ ಅಲ್ಲಿಯ ಉಣ್ಣಿಗಳಿಂದ ಮೆದುಳು ಜ್ವರ ಬರುವುದುಂಟು. ಲಸಿಕೆ ಇದೆ, ತಿಂಗಳುಗಟ್ಟಲೆ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಒಂದು ದಿನ ಬಿಡುವು ಮಾಡಿಕೊಂಡು ಸರೋವರದ ನಡುವಿನ ತ್ರಾಕೈ ಕೋಟೆಗೆ ಹೋಗಿ ಬನ್ನಿ, ಅರ್ಧ ಗಂಟೆಯ ದಾರಿ. ಹೋಗುವ ಮುಂಚೆ ಫೋನ್ ಮಾಡಿದರೆ ನಾವು ಗುರುತು ಹಾಕಿಟ್ಟ ನಕಾಶೆ ಕೊಡುತ್ತೇವೆ. ಸಬ್ಬಸಿಗೆ ಬೀಜವನ್ನೂ.

ಕೊನೆಯ ಮಾತು. ನಮ್ಮ ಲೆಮಾಂಟ್‌ನಲ್ಲಿ ಲಿಥುವೇನಿಯನ್ನರ ಶನಿವಾರದ ಶಾಲೆ ಇದೆ. ಹಿಂದಿರುಗಿದ ಮೇಲೆ ಹೋಗಿ ನೋಡಿ ಬಂದೆವು: ಕಾರು ನಿಲ್ಲಿಸಲು ಜಾಗವಿರಲಿಲ್ಲ. ನಮ್ಮ ಕೂಟದ ಕನ್ನಡ ತರಗತಿಗೆ ಕಳೆದ ಚಳಿಗಾಲದಲ್ಲಿ ನಾಲ್ಕೇ ಮಕ್ಕಳು. ಕಲಿಸುವವರಿಗೆ ಬಿಡುವಿಲ್ಲದೆ ನಿಲ್ಲುವ ಹಂತಕ್ಕೆ ಬಂದಿದೆ ಎಂದು ಕಾರ್ಯದರ್ಶಿಗಳು ಹೇಳಿದರು. ಶನಿವಾರದ ಕ್ಲಿನಿಕ್ಕನ್ನು ನಾವು ಬಿಟ್ಟಿದ್ದೇವೆ. ಮುಂದಿನ ತಿಂಗಳಿಂದ ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಯ ನೆಲಮಾಳಿಗೆಯಲ್ಲಿ ತರಗತಿ. ಕಲಿಸುವುದು ನಮ್ಮಾಕೆ, ಕಪ್ಪು ಹಲಗೆ ಒರೆಸುವುದು, ಉಪ್ಪಿಟ್ಟು ಮಾಡುವುದು ನಾವು. ವಯಸ್ಸಿನ ಮಿತಿ ಇಲ್ಲ. ಮೊದಲನೆಯ ದಿನಕ್ಕೆ ಹೆಸರು ಕೊಟ್ಟವರು ಈವರೆಗೆ ಆರು ಜನ. ಅವರಲ್ಲಿ ಒಬ್ಬ ಇಪ್ಪತ್ತೈದು ವರ್ಷದವನು, ಫೋನಿನಲ್ಲೇ ಕಲಿಯುತ್ತಾನಂತೆ. ಅವನ ಉಚ್ಚಾರಣೆ ಕೇಳಿ ಯಾರೂ ನಗಬಾರದೆಂದು ಅವನ ಅಮ್ಮನ ಅಪ್ಪಣೆಯಾಗಿದೆ.